ವಿಂಡೋಸ್‌ ಬಿಡಲೊಲ್ಲದ ಅಕ್ಷರಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮುದ್ರಣಾಲಯಗಳಿಗೆ ಲಗ್ನಪತ್ರಿಕೆ ಮಾಡಿಸಲು ಹೋದ ಬಂಧುಗಳು ಗಮನಿಸಿರಬಹುದು: ಗಣಕಯಂತ್ರ ಬದಲಾದರೂ ಅದನ್ನು ನಡೆಸುವ ವ್ಯವಸ್ಥೆ ಬಹುಮಟ್ಟಿಗೆ ವಿಂಡೋಸೇ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಹಣವಿಲ್ಲದೆ ದೊರೆಯುತ್ತದೆ. ಆದರೂ ಹೀಗೇಕೆ?

ಕಾರಣವನ್ನು ಅಕ್ಷರದಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ವಿಂಡೋಸಿಗಾಗಿ ಸಿದ್ಧವಾದವು. ಪುಟ ಕಟ್ಟುವ ಪೇಜ್‌ಮೇಕರ್ ಲಿನಕ್ಸಿಗೆ ಬರಲೇ ಇಲ್ಲ. ಹಳೆಯ ನುಡಿ ಫಾಂಟುಗಳಾದರೋ ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಮಗಳ ಲಗ್ನಪತ್ರಿಕೆ, ಮಠದ ಲೆಕ್ಕ, ಮನೆತನದ ವಂಶಾವಳಿ ಎಲ್ಲವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! 20 ವರ್ಷಗಳ ಕಡತ ಕೂಡಿಟ್ಟವರು ಹೊಸದಕ್ಕೆ ಅಂಜಿದರೆ ಅದನ್ನು ಮೊಂಡುತನವೆನ್ನಲು ನಮಗೆ ಮನಸ್ಸು ಬಾರದು.

ಯೂನಿಕೋಡ್ ಈ ಕಟ್ಟನ್ನು ಸಡಿಲಿಸಿದೆ. ಅದರಲ್ಲಿ ಬರೆದುದು ಎರಡೂ ಕಡೆ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ಬೆರಳಿಗೆ ಒಗ್ಗಿದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿಯೂ ಉಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರವುಳ್ಳವರು ಲಿನಕ್ಸನ್ನು ಪರೀಕ್ಷಿಸಿ ನೋಡಬಹುದು. ಅದಕ್ಕೂ ಮೊದಲು ವಂಶಾವಳಿಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಮನೆಯ ಹಿರಿಯರೆದುರು ಹೆಸರು ಹೆಸರಾಗಿ ಓದಿಸಬೇಕು. ಪರಿವರ್ತಕಗಳು ಒತ್ತಕ್ಷರಗಳಲ್ಲಿ ಎಡವುವುದುಂಟು.