ರಂಗ್ ಭವನ್ ಹುಡುಗರು ಮತ್ತೆ ವೇದಿಕೆಗೆ

ಧೋಬಿ ತಲಾವ್‌ನ ರಂಗ್ ಭವನ್ ಎಂದೊಡನೆ ಮುಂಬಯಿಗರಲ್ಲಿ ಹೆಚ್ಚಿನವರಿಗೆ ಈಗ ನೆನಪಾಗುವುದು 2008ರ ನವೆಂಬರ್ 26ರ ಕರಾಳ ರಾತ್ರಿ. ಕಾಮಾ ಆಸ್ಪತ್ರೆಯ ಮಗ್ಗುಲಿನ ರಂಗ್ ಭವನ್ ಗಲ್ಲಿಯಲ್ಲೇ ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ ಮತ್ತು ವಿಜಯ್ ಸಾಲಸ್ಕರ್ ಉಗ್ರರ ಗುಂಡಿಗೆ ಬಲಿಯಾದರು. ಆದರೆ ಆ ಗಲ್ಲಿಗೆ ಹೆಸರು ಕೊಟ್ಟ ಬಯಲು ರಂಗಮಂದಿರಕ್ಕೆ ಅದಕ್ಕೂ ಹಿಂದಿನ ಇನ್ನೊಂದು ಚರಿತ್ರೆಯಿದೆ. ಈಗ ಐವತ್ತು ದಾಟಿ ಅರವತ್ತರ ಕಡೆಗೆ ಮುಖ ಮಾಡಿರುವ ಒಂದು ತಲೆಮಾರು ಅಲ್ಲಿ ಗಿಟಾರ್ ಹಿಡಿದು ಕುಣಿದಿತ್ತು. ಆ ಕಾಲದ ರಾಕ್ ತಂಡಗಳು 2022ರ ನವೆಂಬರ್ 5 ಮತ್ತು 6ರಂದು ಪ್ರಿನ್ಸೆಸ್ ಡಾಕ್ ಪರಿಸರದ ಬೇವ್ಯೂ ಲಾನ್ಸ್‌ನಲ್ಲಿ ಮತ್ತೆ ಒಂದೇ ವೇದಿಕೆ ಏರಿದವು. ಒಂಬತ್ತು ವರ್ಷಗಳಿಂದ ನಿಂತುಹೋಗಿದ್ದ 'ಇಂಡಿಪೆಂಡೆನ್ಸ್ ರಾಕ್' ಉತ್ಸವಕ್ಕೆ ಹೀಗೆ ಮರುಜೀವ ಬಂದಿತು.

ಮುಂಬಯಿಯ ಇಂದಿನ ಕ್ಲಬ್ಬುಗಳಲ್ಲಿ ಹಳೆಯ ತಂಡಗಳ ಪುನರ್ಮಿಲನದ ರಾತ್ರಿಗಳಿಗೆ ಏನೂ ಕೊರತೆಯಿಲ್ಲ. ಅವುಗಳ ಮೂಲ ತಿಳಿಯಬೇಕಾದರೆ ರಂಗ್ ಭವನ್‌ಗೇ ಮರಳಬೇಕು.

ಸೈಂಟ್ ಝೇವಿಯರ್ಸ್ ಕಾಲೇಜಿಗೆ ತಾಗಿಕೊಂಡಿದ್ದ ರಂಗ್ ಭವನ್ ಸರಕಾರಿ ಸೊತ್ತು. ಮೇಲೆ ಆಕಾಶ, ಕೆಳಗೆ ಸಾವಿರಾರು ಮಂದಿಗೆ ಸಾಕಾಗುವ ಜಾಗ. 1978ರಲ್ಲಿ ಶುರುವಾದ 'ಜಾಝ್ ಯಾತ್ರಾ'ಗೆ ಬಂದ ವಿದೇಶಿ ಕಲಾವಿದರು ನುಡಿಸಿದ್ದು ಇಲ್ಲೇ. 1980ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ 'ದಿ ಪೊಲೀಸ್' ತಂಡ ಹಾಡಿದ್ದೂ ಇಲ್ಲೇ. ತಮಾಷೆಯೆಂದರೆ, ಆ ಕಾರ್ಯಕ್ರಮವನ್ನು ಸಂಘಟಿಸಿದ್ದು 'ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್' ಎಂಬ, ಸಮಾಜಸೇವೆಗೆ ಹೆಸರಾದ ಗೌರವಾನ್ವಿತ ಮಹಿಳೆಯರ ಸಂಸ್ಥೆ! ಅದಕ್ಕೂ ಮುಂಚೆ, 1972ರಲ್ಲಿ, 'ಲೆಡ್ ಝೆಪ್ಪೆಲಿನ್' ತಂಡದ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲ್ಯಾಂಟ್ ಕೊಲಾಬಾದ 'ಸ್ಲಿಪ್ ಡಿಸ್ಕ್' ಎಂಬ ಪುಟ್ಟ ಕ್ಲಬ್ಬಿನಲ್ಲಿ ಸ್ಥಳೀಯರ ವಾದ್ಯಗಳನ್ನೇ ಎರವಲು ಪಡೆದು ನುಡಿಸಿ ಹೋಗಿದ್ದರು. ಆ ರಾತ್ರಿ ಅಲ್ಲಿದ್ದೆವೆಂದು ಹೇಳಿಕೊಳ್ಳುವವರೆಲ್ಲ ನಿಜಕ್ಕೂ ಇದ್ದಿದ್ದರೆ ಆ ಕ್ಲಬ್ಬು ವಾಂಖೆಡೆ ಸ್ಟೇಡಿಯಂನಷ್ಟು ದೊಡ್ಡದಿರಬೇಕಿತ್ತು.

1986ರಲ್ಲಿ ಫರ್ಹಾದ್ ವಾಡಿಯಾ ಅವರು ಸ್ವಾತಂತ್ರ್ಯೋತ್ಸವದ ಸಂದರ್ಭಕ್ಕೆಂದು ರಂಗ್ ಭವನ್‌ನಲ್ಲಿ 'ಇಂಡಿಪೆಂಡೆನ್ಸ್ ರಾಕ್' ಆರಂಭಿಸಿದರು. ಕೇಳುಗರು ಅದನ್ನು ಮೊಟಕುಗೊಳಿಸಿ 'ಐ ರಾಕ್' ಎಂದು ಕರೆದರು. ಮುಂಬಯಿಯ ತಂಡಗಳ ಜತೆಗೆ ಹೊರ ಊರಿನ ತಂಡಗಳೂ ವಾದ್ಯಗಳನ್ನು ಹೊತ್ತುಕೊಂಡು ರೈಲು ಹತ್ತಿ ಬರತೊಡಗಿದವು. ಮಳೆಗಾಲದ ದಿನಗಳು, ನೆಲ ಕೆಸರು, ತಲೆ ಒದ್ದೆ. ಆದರೂ ವಿದ್ಯಾರ್ಥಿಗಳು ಕಿಕ್ಕಿರಿದು ಸೇರುತ್ತಿದ್ದರು. ರಾತ್ರಿಯಿಡೀ ಯಕ್ಷಗಾನ ನೋಡಲು ಬಯಲಲ್ಲಿ ಚಾಪೆ ಹಾಸಿ ಕೂತ ಊರಿನವರಿಗೆ ಈ ಹುಮ್ಮಸ್ಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದ ಮುಂಚೂಣಿಯ ತಂಡ 'ರಾಕ್ ಮಶೀನ್'. 1984ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈ ತಂಡದ ಗಾಯಕ ಉದಯ್ ಬೆನೆಗಲ್, ಗಿಟಾರ್‌ನಲ್ಲಿ ಮಹೇಶ್ ತಿನೈಕರ್. ಬೆನೆಗಲ್ ಎಂಬ ಹೆಸರು ಕೇಳಿದೊಡನೆ ಉಡುಪಿ ಕಡೆಯವರ ಕಿವಿ ನಿಮಿರುವುದು ಸಹಜವೇ. ಆಗ ಭಾರತದ ರಾಕ್ ತಂಡಗಳೆಂದರೆ ವಿದೇಶಿ ಹಾಡುಗಳನ್ನು ಯಥಾವತ್ತಾಗಿ ಒಪ್ಪಿಸುವವರು ಎಂಬ ಭಾವನೆಯಿತ್ತು. ರಾಕ್ ಮಶೀನ್ ಸ್ವಂತ ಹಾಡುಗಳನ್ನು ಕಟ್ಟಿ 1988ರಲ್ಲಿ 'ರಾಕ್ ಆಂಡ್ ರೋಲ್ ರೆನೆಗೇಡ್' ಧ್ವನಿಸುರುಳಿಯನ್ನು ಹೊರತಂದಿತು. 1990ರಲ್ಲಿ 'ದಿ ಸೆಕೆಂಡ್ ಕಮಿಂಗ್' ಬಂದಿತು.

ಆ ದಿನಗಳಲ್ಲಿ ಒಳ್ಳೆಯ ಗಿಟಾರ್ ಸಂಪಾದಿಸುವುದೇ ಒಂದು ಸಾಹಸ. ಆಮದು ಸುಂಕ ವಿಪರೀತ, ವಿದೇಶಿ ವಿನಿಮಯಕ್ಕೆ ನೂರೆಂಟು ನಿರ್ಬಂಧ. ಧೋಬಿ ತಲಾವ್‌ನಲ್ಲೇ ಇದ್ದ, 1865ರಷ್ಟು ಹಳೆಯದಾದ ಫುರ್ಟಾಡೋಸ್ ಅಂಗಡಿಯ ಗಾಜಿನ ಹೊರಗೆ ನಿಂತು ಕಣ್ತುಂಬಿಕೊಳ್ಳುವುದಷ್ಟೇ ಹಲವರ ಪಾಲಿಗೆ ಬಂದದ್ದು. ಪರದೇಶದಿಂದ ಬರುವ ಬಂಧುಗಳ ಬಳಿ ತಂತಿಗಳ ಸೆಟ್ ತರಲು ಹೇಳುತ್ತಿದ್ದರು. ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್‌ಗಾಗಿ ಕಾದ ಮನೆಗಳಿಗೆ ಈ ಕಾಯುವಿಕೆಯ ರುಚಿ ಗೊತ್ತು. ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ ತಂಡದಲ್ಲಿ ಹೊಟ್ಟೆಪಾಡು ನಡೆಯುತ್ತಿರಲಿಲ್ಲ. ಹಗಲು ಉದ್ಯೋಗ, ಸಂಜೆ ಅಭ್ಯಾಸ ಎನ್ನುವುದು ಹೆಚ್ಚಿನವರ ದಿನಚರಿಯಾಗಿತ್ತು.

1991ರ ಆರ್ಥಿಕ ಉದಾರೀಕರಣದ ಬಳಿಕ ಉಪಗ್ರಹ ಟೀವಿ ಮನೆ ಮನೆಗೆ ಬಂದಿತು. ರಾಕ್ ಮಶೀನ್ 1993ರಲ್ಲಿ 'ಇಂಡಸ್ ಕ್ರೀಡ್' ಎಂದು ಹೆಸರು ಬದಲಿಸಿಕೊಂಡಿತು. ಅದೇ ವರ್ಷ 'ಪ್ರೆಟಿ ಚೈಲ್ಡ್' ಹಾಡಿನ ವಿಡಿಯೊಗೆ ಎಂಟಿವಿ ಏಷ್ಯಾ ವೀಕ್ಷಕರ ಪ್ರಶಸ್ತಿ ಲಭಿಸಿತು. ಇನ್ನೇನು ದಾರಿ ತೆರೆಯಿತು ಎನ್ನುವಷ್ಟರಲ್ಲಿ ಅದೇ ಟೀವಿ ಹಿಂದಿ ಪಾಪ್ ಸಂಗೀತದ ಬೆನ್ನು ಹತ್ತಿತು. 1995ರಲ್ಲಿ ಅಲೀಷಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' ದೇಶವನ್ನೇ ಕುಣಿಸಿತು. ವಿಚಿತ್ರವೆಂದರೆ ಅದರ ಸಂಗೀತ ನಿರ್ದೇಶಕ ಬಿದ್ದು ಕೂಡ ಒಂದು ಕಾಲದ ರಾಕ್ ಹುಡುಗನೇ. ಕೊಡವ ಕುಟುಂಬದ ಬಿದ್ದು 1960ರ ದಶಕದಲ್ಲಿ ಬೆಂಗಳೂರಿನಲ್ಲಿ 'ಟ್ರೋಜನ್ಸ್' ತಂಡ ಕಟ್ಟಿ, ಆಮೇಲೆ ಇಂಗ್ಲೆಂಡಿಗೆ ಹೋಗಿ ಹೆಸರು ಮಾಡಿದವರು. 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಹಾಡೂ ಅವರದೇ. ಇಂಗ್ಲಿಷಿನಲ್ಲಿ ಸ್ವಂತ ಹಾಡು ಕಟ್ಟುವವರಿಗೆ ಮಾತ್ರ ಮಾರುಕಟ್ಟೆ ಬೆಳೆಯಲಿಲ್ಲ. 1997ರಲ್ಲಿ ಇಂಡಸ್ ಕ್ರೀಡ್ ಚದುರಿತು. ಉದಯ್ ಬೆನೆಗಲ್ ಮತ್ತು ಗಿಟಾರ್ ವಾದಕ ಜಯೇಶ್ ಗಾಂಧಿ ನ್ಯೂಯಾರ್ಕ್ ಸೇರಿ 'ಆಮ್ಸ್ ಫಾರ್ ಶಾಂತಿ' ಎಂಬ ಬೇರೊಂದು ತಂಡ ಕಟ್ಟಿದರು.

ತಂಡಗಳು ಒಡೆಯುವುದು, ಕೂಡುವುದು ಇದ್ದದ್ದೇ. ಮೇಳದಿಂದ ಮೇಳಕ್ಕೆ ಕಲಾವಿದರು ಹೋಗುವುದಿಲ್ಲವೇ? ದೊಡ್ಡ ಪೆಟ್ಟು ಬಿದ್ದದ್ದು ಜಾಗಕ್ಕೆ. 2000ದಲ್ಲಿ ಕೇಂದ್ರ ಸರಕಾರದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ಜಾರಿಗೆ ಬಂದವು. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲಿಗೆ 50 ಡೆಸಿಬಲ್, ರಾತ್ರಿಗೆ 40 ಡೆಸಿಬಲ್ ಮಿತಿ. ಇಬ್ಬರು ಎದುರುಬದುರು ನಿಂತು ಸಾಮಾನ್ಯವಾಗಿ ಮಾತಾಡಿದರೂ 60ರ ಆಸುಪಾಸು ಆಗುತ್ತದೆ. ಡ್ರಮ್ಸ್ ಆಗಲಿ ಚೆಂಡೆಯಾಗಲಿ ಮೈಕ್ ಇಲ್ಲದೆಯೇ 100ಕ್ಕೆ ಹತ್ತಿರ. ರಂಗ್ ಭವನ್‌ನ ಒಂದು ಮಗ್ಗುಲಿಗೆ ಕಾಲೇಜು, ಆಚೀಚೆ ಕಾಮಾ ಮತ್ತು ಜಿ.ಟಿ. ಆಸ್ಪತ್ರೆಗಳು, ಕೂಗಳತೆಯಲ್ಲಿ ಎಸ್‌ಪ್ಲನೇಡ್ ಕೋರ್ಟ್. ನಿಯಮ ಬರೆದವರು ಈ ಗಲ್ಲಿಯನ್ನು ನೋಡಿಯೇ ಬರೆದರೋ ಎಂಬಂತಿತ್ತು! 2003ರ ಹೊತ್ತಿಗೆ ಅಲ್ಲಿ ಸಂಗೀತ ನಿಂತಿತು.

ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗೆ ನಿದ್ದೆ ಬೇಕು ಎಂಬುದನ್ನು ಯಾವ ಸಂಗೀತಪ್ರಿಯನೂ ಅಲ್ಲಗಳೆಯಲಾರ. ಆಕ್ಷೇಪವಿರುವುದು ಬೇರೆ ಕಡೆ. ಬದಲಿಗೆ ಇನ್ನೊಂದು ಬಯಲು ರಂಗಮಂದಿರ, ಅಷ್ಟೇ ಅಗ್ಗದ್ದು, ಅಷ್ಟೇ ರೈಲು ನಿಲ್ದಾಣಕ್ಕೆ ಸಮೀಪದ್ದು, ನಗರದಲ್ಲಿ ತೆರೆಯಲಿಲ್ಲ. 1990ರಲ್ಲಿ ಬೆಂಕಿಗೆ ಆಹುತಿಯಾದ ಕಿಂಗ್ಸ್ ಸರ್ಕಲ್‌ನ ಷಣ್ಮುಖಾನಂದ ಸಭಾಗೃಹ 1998ರಲ್ಲಿ ಮತ್ತೆ ತಲೆ ಎತ್ತಿತು, ಏಕೆಂದರೆ ಅದರ ಹಿಂದೆ ಒಂದು ಸಭೆಯಿತ್ತು, ಸದಸ್ಯರಿದ್ದರು. ರಂಗ್ ಭವನ್‌ಗೆ ಹಾಗೆ ಹೇಳಿಕೊಳ್ಳುವ ವಾರಸುದಾರರಿರಲಿಲ್ಲ. ಅದನ್ನು ಮತ್ತೆ ತೆರೆಯುವ ಮಾತು ಪದೇ ಪದೇ ಕೇಳಿಬಂದಿತು. ಐ ರಾಕ್ ಅಂಧೇರಿಯ ಚಿತ್ರಕೂಟ ಮೈದಾನದಂಥ ಕಡೆಗಳಿಗೆ ಗುಳೆ ಹೋಯಿತು. 2010ರಲ್ಲಿ 25ನೇ ವರ್ಷ ಆಚರಿಸಿ, 2013ರ ಬಳಿಕ ನಿಂತಿತು.

ಉಳಿದದ್ದು ಕ್ಲಬ್ಬುಗಳು. ಜುಹೂವಿನ 'ರಾಝ್‌ಬೆರಿ ರೈನೋಸೆರಸ್' ರಾಕ್ ತಂಡಗಳಿಗೆ ಹಲವು ವರ್ಷ ಆಸರೆಯಾಗಿತ್ತು. ಲೋವರ್ ಪರೇಲ್‌ನ ಮಥುರಾದಾಸ್ ಮಿಲ್ ಆವರಣದಲ್ಲಿ 2007ರಲ್ಲಿ 'ಬ್ಲೂ ಫ್ರಾಗ್' ತೆರೆಯಿತು, 2016ರಲ್ಲಿ ಮುಚ್ಚಿತು. ಅದೇ 2016ರ ಫೆಬ್ರವರಿಯಲ್ಲಿ ಕಾಲಾ ಘೋಡಾದ 'ರಿದಮ್ ಹೌಸ್' ಕೂಡ ಬಾಗಿಲೆಳೆದುಕೊಂಡಿತು. ಕ್ಯಾಸೆಟ್ ಕೊಳ್ಳಲು ದುಡ್ಡಿಲ್ಲದವರಿಗೂ ಪುಕ್ಕಟೆ ಕೇಳಲು ಬಿಡುತ್ತಿದ್ದ ಅಂಗಡಿ ಅದು.

ಕ್ಲಬ್ಬಿನ ಲೆಕ್ಕಾಚಾರವೇ ಬೇರೆ. ಅಲ್ಲಿ ತಂಡದ ಸಂಭಾವನೆ ಬಹುಮಟ್ಟಿಗೆ ಆ ರಾತ್ರಿ ಬಾರಿನಲ್ಲಾಗುವ ವ್ಯಾಪಾರವನ್ನು ಅವಲಂಬಿಸಿರುತ್ತದೆ. ಮಹಾರಾಷ್ಟ್ರದ ಕಾನೂನಿನಂತೆ ಬಿಯರ್ ಕುಡಿಯಲು 21 ವರ್ಷ, ವಿಸ್ಕಿಯಂಥ ಬಿರುಸಿನ ಮದ್ಯಕ್ಕೆ 25 ವರ್ಷ ತುಂಬಿರಬೇಕು. ಆದ್ದರಿಂದ ಬಾರು ಇರುವ ಕಡೆ ಹದಿನೇಳು, ಹದಿನೆಂಟರ ಮಕ್ಕಳನ್ನು ಬಾಗಿಲಲ್ಲೇ ತಡೆಯುವುದು ರೂಢಿ. ರಂಗ್ ಭವನ್‌ನಲ್ಲಿ ಬಾರು ಇರಲಿಲ್ಲ. ಹನ್ನೆರಡನೇ ತರಗತಿಯ ಹುಡುಗ ಬಸ್ಸಿನ ದುಡ್ಡು ಉಳಿಸಿ ಟಿಕೇಟು ಕೊಂಡು ಒಳಗೆ ಹೋಗಬಹುದಿತ್ತು. ಅಲ್ಲಿ ಮುಂದಿನ ಸಾಲಿನಲ್ಲಿ ನಿಂತು ಕೇಳಿದವನೇ ನಾಲ್ಕು ವರ್ಷ ಬಿಟ್ಟು ಅದೇ ವೇದಿಕೆಯಲ್ಲಿ ನುಡಿಸುತ್ತಿದ್ದ. ಆ ಸರಪಳಿ ತುಂಡಾದದ್ದು ಇಲ್ಲೇ. ಪುನರ್ಮಿಲನದ ರಾತ್ರಿಗಳಲ್ಲಿ ವೇದಿಕೆಯ ಮೇಲೂ ಕೆಳಗೂ ನರೆತ ತಲೆಗಳೇ ಹೆಚ್ಚು ಕಾಣುವುದಕ್ಕೆ ರುಚಿ ಬದಲಾದದ್ದು ಅರ್ಧ ಕಾರಣವಾದರೆ ಬಾಗಿಲಿನ ಈ ತಡೆ ಇನ್ನರ್ಧ.

ಹಾಗೆಂದು ಈ ರಾತ್ರಿಗಳ ಸೊಗಸೇನೂ ಕಡಿಮೆಯಲ್ಲ. ತಯಾರಿ ತಿಂಗಳುಗಟ್ಟಲೆ ಮೊದಲೇ ಆರಂಭವಾಗುತ್ತದೆ. ಒಬ್ಬ ದುಬಾಯಿಯಲ್ಲಿ, ಇನ್ನೊಬ್ಬ ಪುಣೆಯಲ್ಲಿ, ಮತ್ತೊಬ್ಬ ಕೆನಡಾದಲ್ಲಿ. ಎಲ್ಲರ ರಜೆ ಹೊಂದಿಸುವುದೇ ದೊಡ್ಡ ಕೆಲಸ. ಹಾಡಿನ ನಡುವೆ ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು ಎಂಬುದು ಬುದ್ಧಿಗೆ ಮರೆತರೂ ಬೆರಳಿಗೆ ನೆನಪಿರುತ್ತದೆ. ಗಂಟಲು ಮಾತ್ರ ಕೇಳಬೇಕಲ್ಲ! ಇಪ್ಪತ್ತರಲ್ಲಿ ತಾರಕದಲ್ಲಿ ಕೂಗಿದ ಹಾಡನ್ನು ಐವತ್ತೈದರಲ್ಲಿ ಶ್ರುತಿ ಒಂದು ಮನೆ ಇಳಿಸಿಯೇ ಹಾಡಬೇಕು; ಹಿರಿಯ ಭಾಗವತರು ಮಾಡುವುದೂ ಇದನ್ನೇ. ಕ್ಲಬ್ಬಿನ ಚಿಕ್ಕ ವೇದಿಕೆಯಲ್ಲಿ ಎಲ್ಲ ತಂಡಗಳಿಗೂ ಒಂದೇ ಡ್ರಮ್ಸ್, ಒಂದೇ ಆಂಪ್ಲಿಫಯರ್. ಒಂದು ತಂಡ ಇಳಿದು ಇನ್ನೊಂದು ಏರುವ ಹತ್ತು ನಿಮಿಷದಲ್ಲಿ ತಂತಿಗಳ ಗೋಜಲು ಬಿಡಿಸಬೇಕು. ಹಾಡುಗಳ ಪಟ್ಟಿ ಓದಲು ಕನ್ನಡಕ ಹುಡುಕುವ ಡ್ರಮ್ಮರ್‌ನನ್ನು ಕಂಡು ಸಭಿಕರಲ್ಲಿ ನಗು. ಆ ನಗುವಿನಲ್ಲಿ ಕುಹಕವಿಲ್ಲ, ನಕ್ಕವರ ಜೇಬಿನಲ್ಲೂ ಕನ್ನಡಕವಿರುತ್ತದೆ.

ಇಂಡಸ್ ಕ್ರೀಡ್ 2010ರಲ್ಲಿ ಮತ್ತೆ ಕೂಡಿತು. ಉದಯ್ ಬೆನೆಗಲ್, ಮಹೇಶ್ ತಿನೈಕರ್ ಹಾಗೂ ಕೀಬೋರ್ಡಿನ ಝುಬಿನ್ ಬಾಲಾಪೋರಿಯಾ ಹಳಬರು. ಬಾಸ್ ಗಿಟಾರ್‌ಗೆ ರುಶಾದ್ ಮಿಸ್ತ್ರಿ, ಡ್ರಮ್ಸ್‌ಗೆ ಜಯ್ ರಾವ್ ಕವಿ ಎಂಬ ಕಿರಿಯರು ಬಂದರು. ಹಳೆಯ ಹಾಡುಗಳನ್ನೇ ಉಜ್ಜಿ ಹೊಳಪು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ 2012ರಲ್ಲಿ 'ಇವಾಲ್ವ್' ಎಂಬ ಹೊಸ ಹಾಡುಗಳ ಸಂಪುಟ ತಂದರು. ಪುನರ್ಮಿಲನಕ್ಕೂ ಬರೀ ನೆನಪಿನ ಕೂಟಕ್ಕೂ ಇರುವ ಅಂತರ ಇದು.

2022ರ ಬೇವ್ಯೂ ಲಾನ್ಸ್ ಕಾರ್ಯಕ್ರಮದಲ್ಲಿ ಇಂಡಸ್ ಕ್ರೀಡ್ ಜತೆ, 1977ರಲ್ಲಿ ಹುಟ್ಟಿ ಕೊಚ್ಚಿಯ ಹೋಟೆಲಿನಲ್ಲಿ ನುಡಿಸುತ್ತಲೇ ಬೆಳೆದ 'ಥರ್ಟೀನ್ ಎಡಿ' ತಂಡವೂ ಇತ್ತು. ವಿಶಾಲ್ ದದ್ಲಾನಿ ಹಾಡುವ ಮುಂಬಯಿಯ 'ಪೆಂಟಗ್ರಾಂ' ಬಂದಿತ್ತು. ವಿಶಾಲ್ ಈಗ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾಗಿ ಮನೆಮಾತು. ಕನ್ನಡಿಗರು ಇನ್ನೊಂದು ಕಾರಣಕ್ಕೂ ಅವರನ್ನು ನೆನೆಯಬೇಕು: ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಹಾಡುಗಳಿಗೆ ಹಲವು ಕಂಪೆನಿಗಳು ಬಾಗಿಲು ತೆರೆಯದಿದ್ದಾಗ, 2008ರಲ್ಲಿ ಮೊದಲ ಆಲ್ಬಂ ಹೊರತಂದವರು ವಿಶಾಲ್ ಮತ್ತು ಶೇಖರ್. ಶರೀಫಜ್ಜನ ತತ್ವಪದ ಗಿಟಾರ್ ಜತೆ ದೇಶ ಸುತ್ತಲು ಮುಂಬಯಿಯ ರಾಕ್ ಹುಡುಗರ ನೆರವೂ ಇತ್ತು. ಬೆಂಗಳೂರಿನಿಂದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಬಂದಿತ್ತು. 1996ರಿಂದ ನಡೆದು ಬಂದಿರುವ ಈ ತಂಡದ ಗಾಯಕನ ಹೆಸರು ಬ್ರೂಸ್ ಲೀ ಮಣಿ. ಹೌದು, ಅದು ಇಟ್ಟುಕೊಂಡ ಹೆಸರಲ್ಲ, ಹೆತ್ತವರು ಇಟ್ಟ ಹೆಸರೇ.

ಬಯಲಾದ್ದರಿಂದ ಅಪ್ಪ ಅಮ್ಮಂದಿರ ಜತೆ ಮಕ್ಕಳೂ ಬರಲು ಅವಕಾಶವಾಗುತ್ತದೆ ಎನ್ನುವುದೇ ಇಂಥ ಉತ್ಸವದ ಲಾಭ. ಆದರೆ ದೊಡ್ಡ ಪ್ರಾಯೋಜಕರಿಲ್ಲದೆ ಇಂಥದ್ದು ನಡೆಯುವುದಿಲ್ಲ. ಮೈದಾನದ ಬಾಡಿಗೆ, ಪರವಾನಿಗೆ, ಧ್ವನಿ, ಬೆಳಕು, ಭದ್ರತೆ ಎಂದು ಖರ್ಚಿನ ಪಟ್ಟಿ ಉದ್ದವಿದೆ. ಸಭಾಗೃಹದ ಬಾಡಿಗೆ ಹೊಂದಿಸುವಷ್ಟರಲ್ಲಿ ವಾರ್ಷಿಕೋತ್ಸವದ ಅರ್ಧ ಬಜೆಟ್ ಕರಗುವುದನ್ನು ಕಂಡಿರುವ ಕನ್ನಡ ಸಂಘಗಳ ಕೋಶಾಧಿಕಾರಿಗಳಿಗೆ ಇದು ಹೊಸ ವಿಷಯವೇನಲ್ಲ. 1926ರಲ್ಲಿ ಸ್ಥಾಪನೆಯಾದ ಮಾಟುಂಗದ ಮೈಸೂರು ಅಸೋಸಿಯೇಶನ್‌ಗೆ ಸ್ವಂತ ಸಭಾಗೃಹವಿರುವುದರಿಂದಲೇ ಅಲ್ಲಿ ಹವ್ಯಾಸಿ ನಾಟಕ ತಂಡಗಳಿಗೆ ಕಾಲೂರಲು ಸ್ಥಳ ಸಿಕ್ಕಿತು. ರಾಕ್ ತಂಡಗಳಿಗೆ ಅಂಥ ಒಂದು ಮನೆ ಈ ನಗರದಲ್ಲಿ ಇರಲಿಲ್ಲ. ಇದ್ದದ್ದು ಸರಕಾರದ ಒಂದು ಅಂಗಳ, ಅದೂ ಹೋಯಿತು.

ಬಯಲಿನಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಅನುಮತಿಯಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರಕಾರ ವಿನಾಯಿತಿ ಕೊಡಬಹುದಾದರೂ ಅವು ಗಣೇಶೋತ್ಸವ, ನವರಾತ್ರಿಯಂಥ ಹಬ್ಬಗಳಿಗೇ ಸಾಲುವುದಿಲ್ಲ. ಹಾಗಾಗಿ ಗಿಟಾರ್ ಎಷ್ಟೇ ರಂಗೇರಿದ್ದರೂ ಗಡಿಯಾರ ನೋಡಿ ನಿಲ್ಲಿಸಲೇಬೇಕು. ಡೊಂಬಿವಲಿ, ವಿರಾರ್ ಕಡೆಯ ಹಳೆಯ ಅಭಿಮಾನಿಗಳಿಗೆ ಇದರಿಂದ ಒಂದು ಅನುಕೂಲವಂತೂ ಆಗಿದೆ. ರಂಗ್ ಭವನ್ ಕಾಲದಲ್ಲಿ ಕೊನೆಯ ಗಾಡಿಗಾಗಿ ಓಡುತ್ತಿದ್ದ ಮೊಣಕಾಲುಗಳು ಈಗ ನಿಧಾನವಾಗಿ ನಡೆದರೂ ಸೀಟು ಸಿಗುತ್ತದೆ.