ಇನ್ನೂರೈವತ್ತರೊಳಗಿನ ಊಟ

ಬೆಳಿಗ್ಗೆ ಒಂಬತ್ತೂವರೆಯಾದರೆ ಸಾಕು, ರಾಜಗೋಪಾಲನಗರದ ಆ ಶೀಟಿನ ಮನೆಯಲ್ಲಿ ಫೋನು ಹೊಡೆದುಕೊಳ್ಳಲು ಶುರು. “ಅಕ್ಕಾ, ಇವತ್ತು ನಲವತ್ತೆರಡು.” “ಮೂವತ್ತೊಂದು ಅಕ್ಕಾ, ಅದ್ರಲ್ಲಿ ಹದಿನಾರು ಚಪಾತಿ.” “ಇಪ್ಪತ್ತೇಳು. ಇನ್ನಿಬ್ರು ಓಟಿ ಮಾಡಿ ಮಲಗವ್ರೆ, ಬಂದ್ರೂ ಬರಬೋದು.” ಅಕ್ಕನ ಕೈತುಂಬ ಹುಣಸೆಹುಳಿ, ಫೋನು ಸ್ಪೀಕರಿನಲ್ಲಿದೆ. ಪಿಯುಸಿ ಓದುವ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ 100 ಎಂದು ಬರೆಯುತ್ತಾಳೆ. ಅಕ್ಕಿ ಎಷ್ಟು, ಬೇಳೆ ಎಷ್ಟು, ಹಿಟ್ಟು ಎಷ್ಟು ಎಂಬುದು ಅಲ್ಲಿಗೆ ತೀರ್ಮಾನ.

ಬೆಂಗಳೂರಿನ ಪೀಣ್ಯದ ಸುತ್ತಲಿನ ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರದ ಗಲ್ಲಿಗಳಲ್ಲಿ ಇಂಥ ಅಡುಗೆಮನೆಗಳು ಹಲವಿವೆ. ಬೋರ್ಡು ಇರುವುದಿಲ್ಲ. ಒಗ್ಗರಣೆಯ ವಾಸನೆ, ಬಾಗಿಲಲ್ಲಿ ಬೋರಲು ಹಾಕಿದ ಕೊಳಗ, ಹನ್ನೆರಡಕ್ಕೆ ಬಂದು ನಿಲ್ಲುವ ಲಗೇಜ್ ಆಟೊ, ಇವೇ ಗುರುತು. ಲೇತ್, ಪ್ರೆಸ್, ಪೌಡರ್ ಕೋಟಿಂಗ್ ಶೆಡ್ಡುಗಳಿಗೆ ಹೋಗುವ ‘ಕಂಪನಿ ಊಟ’ ಇಲ್ಲಿಂದ ಹೊರಡುತ್ತದೆ.

ಅಕ್ಕ ಕುಣಿಗಲ್ ಕಡೆಯವರು. ಗಂಡ ಲೇತ್ ಆಪರೇಟರ್. “ಯಜಮಾನ್ರ ಡಬ್ಬಿಗೆ ನಾಲ್ಕು ಜನ ಕೈ ಹಾಕೋರು. ಇವ್ರು ಉಪವಾಸ ಬರೋರು. ಸರಿ, ಆ ನಾಲ್ಕು ಜನಕ್ಕೂ ಡಬ್ಬಿ ಕಟ್ಟಿ ದುಡ್ಡು ಇಸ್ಕೊಂಡೆ,” ಎಂದು ನಗುತ್ತಾರೆ. ವ್ಯಾಪಾರ ಶುರುವಾದದ್ದು ಹಾಗೆ. ಹೆಸರು ಮಾತ್ರ ಹಾಕಬೇಡಿ ಎಂದರು. ಬಿಲ್ಲು ಬಾಕಿ ಉಳಿಸಿಕೊಂಡವರು ಓದಿ ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ.

ಈ ಊಟದ ಹಿಂದೆ ಒಂದು ಕಾನೂನೂ ಇದೆ. 1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮು 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನ್ ಕಡ್ಡಾಯ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. ಎಪ್ಪತ್ತರ ದಶಕದಲ್ಲಿ ಬೆಳೆದ ಪೀಣ್ಯ ಹೆಚ್ಚಾಗಿ ಸಣ್ಣ ಶೆಡ್ಡುಗಳ ಊರು. ಇಲ್ಲಿಯ ಕೈಗಾರಿಕೆಗಳ ಸಂಘ ಹುಟ್ಟಿದ್ದು 1978ರಲ್ಲಿ. ಮೂವತ್ತು, ನಲವತ್ತು ಜನರ ಶೆಡ್ಡಿಗೆ ಕ್ಯಾಂಟೀನಿನ ಕಟ್ಟುಪಾಡಿಲ್ಲ, ಆದರೆ ಹಸಿವು ಇದ್ದೇ ಇದೆ. ಆ ಸಂದಿಯಲ್ಲೇ ಅಕ್ಕನ ಒಲೆ ಹತ್ತಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಮಿತಿಯನ್ನು 100ಕ್ಕೆ ಇಳಿಸಿದೆ. ಸಣ್ಣ ಶೆಡ್ಡಿನ ಊಟ ಈಗಲೂ ಅದರಾಚೆಗೇ ಇದೆ.

ನಾನು ಹೋದದ್ದು ಮುದ್ದೆ ನೋಡಲು. ಮನೆಯಲ್ಲಿ ನಾಲ್ಕು ಮುದ್ದೆ ಕಟ್ಟುವುದು ಬೇರೆ, ಎಪ್ಪತ್ತು ಕಟ್ಟುವುದು ಬೇರೆ. ಕೇಜಿ ಹಿಟ್ಟಿಗೆ ಹತ್ತು ಮುದ್ದೆ ಎಂಬುದು ಅಕ್ಕನ ಲೆಕ್ಕ. ಏಳು ಕೇಜಿಯನ್ನು ಎರಡು ಸಲಕ್ಕೆ ಹಂಚುತ್ತಾರೆ. ಎಸರು ಮರಳುವಾಗ ಮೊದಲು ಸ್ವಲ್ಪ ಹಿಟ್ಟು ಕದಡಿದ ನೀರು ಬಿಡುತ್ತಾರೆ. ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಕೈಯಾಡಿಸದೆ ಬೇಯಲು ಬಿಡುತ್ತಾರೆ. “ಇಲ್ಲಿ ಆತುರಪಟ್ರೆ ಹಸಿಹಿಟ್ಟು ಉಳಿಯುತ್ತೆ. ಸಂಜೆ ಹೊತ್ತಿಗೆ ಹೊಟ್ಟೆನೋವು ಅಂತ ಫೋನ್ ಬರುತ್ತೆ.” ಬೆಂದ ಮೇಲೆ ಪಾತ್ರೆ ಕೆಳಗಿಳಿಸಿ, ಬಾಯಿಗೆ ಕವೆಗೋಲು ಕೊಟ್ಟು, ಅದರ ಎರಡು ತುದಿಯನ್ನು ಪಾದದಲ್ಲಿ ಒತ್ತಿಹಿಡಿದು ತೊಳಸುತ್ತಾರೆ. ಎರಡೂ ಕೈಯ ಬಲ ಕೋಲಿಗೆ. ಬೆನ್ನು ಬಾಗಿ, ಬೆವರು ಒರೆಸಿಕೊಳ್ಳಲೂ ಪುರಸತ್ತಿಲ್ಲ. ತಣ್ಣೀರು ಮುಟ್ಟಿದ ಅಂಗೈಯಲ್ಲಿ ಉರುಳಿಸಿ ಒದ್ದೆಬಟ್ಟೆ ಹಾಸಿದ ಹಾಟ್‌ಬಾಕ್ಸಿಗೆ ಇಳಿಸಿದರೆ ಒಂದು ಗಂಟೆಯ ತನಕ ಬಿಸಿ ನಿಲ್ಲುತ್ತದೆ. ಅದಕ್ಕೇ ಮುದ್ದೆ ಕೊನೆಗೆ. ಬಸ್ಸಾರು, ಪಲ್ಯ, ಅನ್ನ ಮೊದಲೇ ಮುಗಿದಿರಬೇಕು. ಒಡಿಶಾ, ಬಿಹಾರದ ಹುಡುಗರ ಚಪಾತಿ ಪಕ್ಕದ ಮನೆಯಾಕೆಯ ಪಾಲು.

ಅಡುಗೆ ಕಷ್ಟವಲ್ಲವೇ ಎಂದರೆ ಅಕ್ಕ ತಲೆಯಾಡಿಸುತ್ತಾರೆ. “ಅಡಿಗೆ ಬಿಡಿ, ಯಾರು ಬೇಕಾದ್ರೂ ಮಾಡ್ತಾರೆ. ತಲೆ ಎಷ್ಟು ಅಂತ ಗೊತ್ತಾಗ್ಬೇಕಲ್ಲ, ಅದು ಕಷ್ಟ.” ಸಂಬಳವಾದ ಮಾರನೆ ದಿನ ಹುಡುಗರು ಬಿರಿಯಾನಿಗೆ ಓಡುತ್ತಾರೆ, ತಲೆ ಇಳಿಯುತ್ತದೆ. ತಿಂಗಳ ಕೊನೆಗೆ ಏರುತ್ತದೆ. ಹತ್ತು ಊಟ ಉಳಿದರೆ ಆ ದಿನದ ಲಾಭ ಹೋಯಿತು. ಐದು ಕಮ್ಮಿ ಬಿದ್ದರೆ ಕಂಪನಿಯೇ ಹೋಯಿತು.

ಬೆಂಗಳೂರಿನ ಆಚೆ ತುದಿಗಳ ಕತೆ ಬೇರೆ. ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ತೊಂಬತ್ತರ ದಶಕದ ಕೊನೆಗೆ ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಎದ್ದಿತು. ಅಲ್ಲಿಯ ದೊಡ್ಡ ಕ್ಯಾಂಪಸ್ಸುಗಳ ಫುಡ್ ಕೋರ್ಟು ದೊಡ್ಡ ಕಂಪನಿಗಳ ಕೈಯಲ್ಲಿದೆ. ಸಣ್ಣವರಿಗೆ ದಕ್ಕುವುದು ಪಿಜಿಗಳು, ಅಪಾರ್ಟ್‌ಮೆಂಟಿನ ನಾಮಕರಣ, ಸೀಮಂತ. 2020ರ ಮಾರ್ಚಿನಲ್ಲಿ ಐಟಿಯವರು ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಆ ಒಲೆಗಳು ಒಟ್ಟಿಗೆ ಆರಿದವು. ಹಾಗೆಂದು ಅಡುಗೆಯವರಾಗಿ ಈ ಊರಿಗೆ ಬಂದು ಬೇರೂರಿದವರು ಇಲ್ಲವೆಂದಲ್ಲ. ಉಡುಪಿ ಜಿಲ್ಲೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ತೆರೆದ ಸಣ್ಣ ಹೋಟೆಲು ಎಂಟಿಆರ್ ಆಯಿತು. ಆ ಹೆಸರಿನ ಪೊಟ್ಟಣಗಳು ಇವತ್ತು ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಆದರೆ ಅಂಥವರು ಬೆರಳೆಣಿಕೆ.

ಶುರು ಮಾಡುವವರಿಗೆ ಕಾಗದಪತ್ರ ಬಹಳವೇನಿಲ್ಲ. ವಹಿವಾಟಿಗೆ ತಕ್ಕ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಬೇಕು. ಅದರ 14 ಅಂಕಿಯ ಸಂಖ್ಯೆ ಬಿಲ್ಲಿನ ಮೇಲಿರಬೇಕು. ಮನೆಯ 14.2 ಕೇಜಿ ಸಿಲಿಂಡರ್ ಹಚ್ಚುವಂತಿಲ್ಲ, 19 ಕೇಜಿಯ ಕಮರ್ಷಿಯಲ್ಲೇ ಆಗಬೇಕು. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗಿನ ಬ್ಯಾಂಕ್ ಸಾಲಕ್ಕೆ ಸಹಾಯಧನವಿದೆ.

ನಿಜವಾದ ತೊಡಕು ವಸೂಲಿಯದು. ಊಟಕ್ಕೆ 60 ರೂಪಾಯಿ. ದಿನಕ್ಕೆ ನೂರು ಊಟ, ತಿಂಗಳಿಗೆ 26 ದಿನವೆಂದರೆ 1,56,000. ವರ್ಷಕ್ಕೆ 19 ಲಕ್ಷದ ಹತ್ತಿರ. ಸೇವೆಗಳಿಗೆ ಜಿಎಸ್‌ಟಿ ಗೆರೆ 20 ಲಕ್ಷ. 2025ರ ಜುಲೈಯಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ಯುಪಿಐ ಲೆಕ್ಕ ಹಿಡಿದು ನೋಟಿಸು ಬಂದಂದಿನಿಂದ ಅಕ್ಕ ನಾಲ್ಕನೇ ಕಂಪನಿಯನ್ನು ಒಪ್ಪಿಕೊಂಡಿಲ್ಲ. ತರಕಾರಿಯವನಿಗೆ ಅಂದಂದೇ ನಗದು ಕೊಡಬೇಕು, ಗ್ಯಾಸಿನವನಿಗೂ. ಕಂಪನಿಗಳ ದುಡ್ಡು ಮಾತ್ರ ಎರಡು ತಿಂಗಳು ತಡ. ಎಂದರೆ ಯಾವಾಗಲೂ 3 ಲಕ್ಷ ಹೊರಗೆ. ಬ್ಯಾಂಕಿನಿಂದ ತಂದ ಸಾಲವಷ್ಟೂ ಕಂಪನಿಗಳ ಲೆಡ್ಜರಿನಲ್ಲಿ ಕೂತಂತಾಯಿತು, ಬಡ್ಡಿ ಮಾತ್ರ ಅಕ್ಕನದು.

ಇದಕ್ಕೆ ಕಾನೂನಿನ ಮದ್ದೂ ಉಂಟು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನದೊಳಗೆ ಪಾವತಿ ಆಗಬೇಕು, ಒಪ್ಪಂದವಿಲ್ಲದಿದ್ದರೆ 15. ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ. ಉದ್ಯಮ್ ಪೋರ್ಟಲಿನಲ್ಲಿ ನೋಂದಾಯಿಸಲು ಬಿಡಿಗಾಸೂ ಬೇಡ. ಆದರೆ ನಾಳೆಯೂ ಊಟ ಕೊಡಬೇಕಾದ ಬಾಗಿಲಲ್ಲಿ ನಿಂತು ಚಕ್ರಬಡ್ಡಿ ಕೇಳುವವರು ಯಾರು?

ಪೀಣ್ಯದ ಶೆಡ್ಡುಗಳ ಮಾಲೀಕರಿಗೆ ಈ ನೋವು ಹೊಸದಲ್ಲ. ದೊಡ್ಡ ಕಂಪನಿಗಳಿಂದ ಬರಬೇಕಾದ ಬಾಕಿಗೆ ಅವರೂ ಅಲೆಯುತ್ತಾರೆ. ಅವರಲ್ಲೊಂದು ವಿನಂತಿ: ಸಂಬಳ ಹಾಕುವ ದಿನವೇ ಊಟದ ಬಿಲ್ಲನ್ನೂ ಚುಕ್ತಾ ಮಾಡಿ. ಹೊಸದಾಗಿ ಒಲೆ ಹೂಡಲು ಹೊರಟವರಿಗೂ ಒಂದು ಮಾತು: ಕೊಳಗ ಕೊಳ್ಳುವ ಮೊದಲು ಉದ್ಯಮ್ ನೋಂದಣಿ ಮಾಡಿಸಿ, ದುಡ್ಡು ಕೊಡುವ ತಾರೀಖನ್ನು ಕಾಗದದ ಮೇಲೆ ಬರೆಸಿಕೊಳ್ಳಿ.