ನಿಗದಿತ ಬಡ್ಡಿಯ ಮನೆಸಾಲ: ಶುಲ್ಕ ತೆತ್ತು ಬೇಗ ತೀರಿಸಬೇಕೇ?

ಬ್ರಿಟನ್ನಿನ ಆಸ್ಪತ್ರೆಗಳಲ್ಲಿ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ದುಡಿಯುತ್ತಿರುವ ನಮ್ಮ ಕರಾವಳಿಯ ಮಕ್ಕಳಲ್ಲಿ ಹಲವರು ಅಲ್ಲಿಯೇ ಮನೆ ಕೊಂಡಿದ್ದಾರೆ. ಮೊಂತಿ ಹಬ್ಬಕ್ಕೋ ಕ್ರಿಸ್ಮಸ್ಸಿಗೋ ಊರಿಗೆ ಬಂದಾಗ, ಬಲಿಪೂಜೆಯ ನಂತರ ಚರ್ಚ್ ಅಂಗಳದಲ್ಲಿ ನಮಗೆ ಕೇಳಿಬರುವ ಪ್ರಶ್ನೆಗಳಲ್ಲಿ ಇದೂ ಒಂದು: “ಫಾದರ್, ಇಲ್ಲಿ ಇಟ್ಟಿರುವ ಎನ್‌ಆರ್‌ಇ ಠೇವಣಿ ಮುರಿದು ಅಲ್ಲಿಯ ಸಾಲಕ್ಕೆ ಕಟ್ಟಿಬಿಡೋಣ ಅಂತಿದ್ದೇವೆ. ಆದರೆ ಬೇಗ ಕಟ್ಟಿದರೆ ದಂಡ ಬೀಳುತ್ತದಂತೆ. ಏನು ಮಾಡುವುದು?”

ಪಕ್ಕದಲ್ಲಿ ನಿಂತ ತಂದೆ ತಾಯಿಗೆ ಇದು ಅನ್ಯಾಯವೆನಿಸುತ್ತದೆ. ಸಾಲ ಬೇಗ ತೀರಿಸುವವನ ಬೆನ್ನು ತಟ್ಟುವುದು ಬಿಟ್ಟು ದಂಡ ಹಾಕುವುದುಂಟೇ? ಅವರು ಹಾಗೆ ಕೇಳುವುದು ಸಹಜ. ನಮ್ಮ ದೇಶದಲ್ಲಿ ಬದಲಾಗುವ ಬಡ್ಡಿಯ ಮನೆಸಾಲವನ್ನು ಬೇಗ ಮುಗಿಸಿದರೆ ಶುಲ್ಕ ಪಡೆಯಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಆದೇಶಿಸಿದೆ. ಬ್ರಿಟನ್ನಿನಲ್ಲಿ ಹೆಚ್ಚಿನವರ ಸಾಲ ಎರಡು ಅಥವಾ ಐದು ವರ್ಷಕ್ಕೆ ಬಡ್ಡಿ ನಿಗದಿಯಾದದ್ದು. ಅಷ್ಟು ಕಾಲ ಇಷ್ಟು ಬಡ್ಡಿ ಬರುತ್ತದೆಂದು ಲೆಕ್ಕ ಹಾಕಿಯೇ ಸಾಲ ಕೊಡುವವರೂ ಹಣ ಹೊಂದಿಸಿರುತ್ತಾರೆ. ಮಧ್ಯದಲ್ಲಿ ಹಣ ಮರಳಿದರೆ ಅವರಿಗೆ ನಷ್ಟ. ಅದನ್ನು ತುಂಬಿಕೊಳ್ಳುವುದಕ್ಕೆ ಈ ಅವಧಿಪೂರ್ವ ಪಾವತಿ ಶುಲ್ಕ. ಐದು ವರ್ಷದ ಸಾಲದಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಶೇ. 5ರಷ್ಟಿದ್ದು, ವರ್ಷ ಕಳೆದಂತೆ ಒಂದೊಂದಾಗಿ ಇಳಿಯುತ್ತದೆ.

ಗಾಬರಿಯಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ. ನಿಗದಿತ ಅವಧಿಯಲ್ಲೂ ವರ್ಷಕ್ಕೆ ಬಾಕಿ ಸಾಲದ ಶೇ. 10ರಷ್ಟನ್ನು ಯಾವ ಶುಲ್ಕವೂ ಇಲ್ಲದೆ ಹೆಚ್ಚುವರಿಯಾಗಿ ಕಟ್ಟಲು ಅಲ್ಲಿಯ ಹೆಚ್ಚಿನ ಸಾಲದಾತರು ಬಿಡುತ್ತಾರೆ. ಶುಲ್ಕ ಬೀಳುವುದು ಸಾಮಾನ್ಯವಾಗಿ ಆ ಮಿತಿ ಮೀರಿದ ಮೊತ್ತಕ್ಕೆ ಮಾತ್ರ.

ಒಂದು ಉದಾಹರಣೆ ನೋಡೋಣ. ಬ್ಯಾಂಕ್ ಆಫ್ ಇಂಗ್ಲೆಂಡಿನ ದರ 2023ರ ಆಗಸ್ಟಿನಲ್ಲಿ ಶೇ. 5.25ಕ್ಕೆ ಏರಿತ್ತು. ಆ ವರ್ಷ ಶೇ. 5.5ರಂತೆ ಐದು ವರ್ಷಕ್ಕೆ ಸಾಲ ಪಡೆದ ದಂಪತಿಯ ಬಾಕಿ 2 ಲಕ್ಷ ಪೌಂಡ್, ಉಳಿದ ಅವಧಿ ಎರಡು ವರ್ಷ, ಶುಲ್ಕ ಶೇ. 3, ಕೈಯಲ್ಲಿರುವುದು 30 ಸಾವಿರ ಪೌಂಡ್ ಎಂದಿಟ್ಟುಕೊಳ್ಳಿ. ಇದರಲ್ಲಿ 20 ಸಾವಿರ ಶುಲ್ಕವಿಲ್ಲದೆ ಕಟ್ಟಬಹುದು. ಉಳಿದ 10 ಸಾವಿರವನ್ನೂ ಇಂದೇ ಕಟ್ಟಿದರೆ ಶುಲ್ಕ 300 ಪೌಂಡ್. ಮುಂದಿನ ವರ್ಷದ ರಿಯಾಯಿತಿ ತೆರೆಯಲು ನಾಲ್ಕು ತಿಂಗಳಿದ್ದು, ಅಷ್ಟು ದಿನ ಆ ಹಣವನ್ನು ಶೇ. 4 ಕೊಡುವ ಉಳಿತಾಯ ಖಾತೆಯಲ್ಲಿಟ್ಟರೆ ಆಗುವ ನಷ್ಟವೆಷ್ಟು? ಸಾಲದ ಬಡ್ಡಿ ಸುಮಾರು 183 ಪೌಂಡ್, ಉಳಿತಾಯದ ಬಡ್ಡಿ ಸುಮಾರು 133. ವ್ಯತ್ಯಾಸ ಬರೇ 50 ಪೌಂಡ್. ಅದನ್ನು ಉಳಿಸಲು 300 ತೆರುವುದೇ? ನಾಲ್ಕು ತಿಂಗಳು ಕಾದರಾಯಿತು.

ರಿಯಾಯಿತಿಯೊಳಗೆ ಹಿಡಿಸಲಾರದಷ್ಟು ದೊಡ್ಡ ಮೊತ್ತವಿದ್ದರೆ ಲೆಕ್ಕ ಬೇರೆ. ಸಾಲದ ಬಡ್ಡಿ ದರದಿಂದ ತೆರಿಗೆ ಕಳೆದ ಉಳಿತಾಯದ ದರವನ್ನು ಕಳೆಯಿರಿ, ಉಳಿದ ವರ್ಷಗಳಿಂದ ಗುಣಿಸಿರಿ. ಮೇಲಿನ ದಂಪತಿಗೆ ಒಂದೂವರೆ ಗುಣಿಸು ಎರಡು, ಅಂದರೆ ಶೇ. 3. ಶುಲ್ಕವೂ ಶೇ. 3. ಇಷ್ಟೆಲ್ಲ ಓಡಾಡಿ ಗಳಿಸಿದ್ದು ಸೊನ್ನೆ! ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕುವ ಮಾತನ್ನು ಲೂಕನ ಶುಭಸಂದೇಶದಲ್ಲಿ ಓದುವ ನಾವು, ಅದೇ ಹತ್ತು ನಿಮಿಷವನ್ನು ಇಂಥದ್ದಕ್ಕೂ ಕೊಡಬೇಕು. ಹಣ ಬಡ್ಡಿಯಿಲ್ಲದ ಖಾತೆಯಲ್ಲಿ ಸುಮ್ಮನೆ ಬಿದ್ದಿದ್ದರೆ ಶುಲ್ಕ ತೆತ್ತೂ ಲಾಭವೆಂದು ಕಾಣಬಹುದು. ಆದರೆ ಆಗ ಮೊದಲು ಮಾಡಬೇಕಾದದ್ದು ಹಣವನ್ನು ಒಳ್ಳೆಯ ಉಳಿತಾಯ ಖಾತೆಗೆ ಸಾಗಿಸುವುದು.

2021ರಲ್ಲಿ ಶೇ. 2ಕ್ಕೂ ಕಡಿಮೆ ದರದಲ್ಲಿ ಐದು ವರ್ಷಕ್ಕೆ ಸಾಲ ಪಡೆದವರಂತೂ ಅವಸರಪಡುವ ಅಗತ್ಯವೇ ಇಲ್ಲ. ಅವರ ಅವಧಿ 2026ರಲ್ಲಿ ಮುಗಿಯುತ್ತದೆ. ಹಳೆಯ ಅವಧಿ ಮುಗಿದು ಹೊಸ ದರಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ಎಷ್ಟು ಬೇಕಾದರೂ ಶುಲ್ಕವಿಲ್ಲದೆ ಕಟ್ಟಬಹುದು. ಆಗ ಸಾಲವು ಮನೆಯ ಬೆಲೆಯ ಶೇ. 75 ಅಥವಾ 60ಕ್ಕಿಂತ ಕೆಳಗಿಳಿದರೆ ಹೊಸ ದರವೂ ತುಸು ಕಡಿಮೆ ಸಿಗುವುದುಂಟು.

ಇನ್ನು ಆ ಎನ್‌ಆರ್‌ಇ ಠೇವಣಿ. ಒಂದು ವರ್ಷ ತುಂಬುವ ಮೊದಲೇ ಮುರಿದರೆ ಬಡ್ಡಿಯೇ ಇಲ್ಲ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲದಿದ್ದರೂ, ಬ್ರಿಟನ್ನಿನಲ್ಲಿ ಹಲವು ವರ್ಷಗಳಿಂದ ನೆಲೆಸಿದವರು ಅಲ್ಲಿ ಲೆಕ್ಕ ತೋರಿಸಬೇಕಾಗುತ್ತದೆ. ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ಆದರೆ ನಮ್ಮ ಚಿಂತೆ ಬೇರೆ. ಊರಿನಲ್ಲಿ ವಯಸ್ಸಾದ ತಾಯಿಗೆ ರಾತ್ರೋರಾತ್ರಿ ಆಸ್ಪತ್ರೆ ಸೇರಬೇಕಾದಾಗ ಒದಗುವುದು ಈ ಠೇವಣಿಯೇ. ಅಲ್ಲಿ ಕೆಲಸ ಹೋದರೆ, ಕೆಲಸದ ಜೊತೆಗೇ ವೀಸಾ ತೂಗಾಡುವವರಿಗೆ, ಟಿಕೇಟಿನ ಹಣವೂ ಇದರಿಂದಲೇ. ಸಾಲಕ್ಕೆ ಕಟ್ಟಿದ ಹಣವನ್ನು ಬೇಕೆಂದಾಗ ವಾಪಸು ಕೇಳುವಂತಿಲ್ಲ. ಆದ್ದರಿಂದ ಆರು ತಿಂಗಳ ಮನೆ ಖರ್ಚು ಮತ್ತು ಹೆತ್ತವರ ಚಿಕಿತ್ಸೆಗೆ ಒಂದಿಷ್ಟು ತೆಗೆದಿಟ್ಟ ಮೇಲೆ ಉಳಿದದ್ದರ ಬಗ್ಗೆ ಮಾತ್ರ ಮೇಲಿನ ಲೆಕ್ಕ ಹಾಕಿರಿ ಎಂಬುದು ನಮ್ಮ ಅಭಿಪ್ರಾಯ. ಕ್ರೆಡಿಟ್ ಕಾರ್ಡಿನ ಬಾಕಿಯಿದ್ದರೆ ಅದು ಮೊದಲು.

ಎರಡು ಮೂರು ವರ್ಷದೊಳಗೆ ಮನೆ ಮಾರಿ ಊರಿಗೆ ಮರಳುವ ಯೋಚನೆಯಿರುವವರು ಇನ್ನೊಂದನ್ನು ನೆನಪಿಡಬೇಕು. ಅವಧಿಯ ನಡುವೆ ಮಾರಿದರೆ ಶುಲ್ಕ ಪೂರ್ತಿ ಬಾಕಿಯ ಮೇಲೆ ಬೀಳಬಹುದು. ಅಂಥವರಿಗೆ ಹೊಸ ಕರಾರು ಮಾಡುವಾಗ ಐದರ ಬದಲು ಎರಡು ವರ್ಷದ ಅವಧಿಯೇ ಲೇಸು.

ಹಣ ಕಳುಹಿಸುವ ಮುನ್ನ ಸಾಲದಾತರಿಗೆ ಫೋನು ಮಾಡಿ ಕೇಳಬೇಕಾದದ್ದು: ಶೇ. 10 ಯಾವ ಮೊತ್ತದ ಮೇಲೆ, ಮೂಲ ಸಾಲದ ಮೇಲೋ ಈಗಿನ ಬಾಕಿಯ ಮೇಲೋ? ವರ್ಷವೆಂದರೆ ಜನವರಿಯಿಂದಲೋ, ಸಾಲ ಪಡೆದ ದಿನಾಂಕದಿಂದಲೋ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೆಚ್ಚುವರಿ ಕಟ್ಟಿದಾಗ ಸಾಲದ ಅವಧಿ ಕಡಿಮೆಯಾಗಬೇಕೋ ತಿಂಗಳ ಕಂತು ಕಡಿಮೆಯಾಗಬೇಕೋ ಎಂಬುದನ್ನೂ ಸ್ಪಷ್ಟವಾಗಿ ಹೇಳಿರಿ. ಸುಮ್ಮನಿದ್ದರೆ ಕೆಲವರು ಕಂತನ್ನು ಇಳಿಸುತ್ತಾರೆ. ಕಂತಿನಲ್ಲಿ ಉಳಿದ ಹಣ ಮನೆ ಖರ್ಚಿನಲ್ಲಿ ಕರಗಿಹೋದರೆ ಸಾಲ ಹಿಂದಿನಷ್ಟೇ ವರ್ಷ ನಡೆಯುತ್ತದೆ.